ಗಾಡಿ ಹತ್ತುತ್ತಾ ಅಂತ ಕೇಳುವ ಮೊದಲು

ಮಳೆ ಸ್ವಲ್ಪ ಹಿಂದೆ ಸರಿದು ನಾಲ್ಕು ದಿನ ಬಿಸಿಲು ಕಾಣಿಸಿಕೊಂಡರೆ ಸಾಕು, ಬೆಂಗಳೂರಿನ ಗೆಳೆಯರ ಫೋನ್ ಶುರುವಾಗುತ್ತದೆ. "ಈ ವಾರ ಕೊಡಚಾದ್ರಿ ಕಡೆ ಬರ್ತಿದೀವಿ ಕಣೋ. ನಮ್ಮ ಗಾಡಿ ಹತ್ತುತ್ತಾ?" ಆಮೇಲೆ ಗಾಡಿಯ ಪೂರ್ತಿ ವಿವರ ಬರುತ್ತದೆ. ಎಂಜಿನ್ ಎಷ್ಟು, ಟಯರ್ ಎಂಥದ್ದು, ನೆಲದಿಂದ ಎಷ್ಟು ಎತ್ತರ, ಫೋರ್ ಬೈ ಫೋರ್, ಅಂದರೆ ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಕೊಡುವ ಫೋರ್ ವೀಲ್ ವ್ಯವಸ್ಥೆ, ಇದೆಯೋ ಇಲ್ಲವೋ. 2020ರಲ್ಲಿ ಮಹೀಂದ್ರದ ಹೊಸ ಥಾರ್ ಬಂದ ಮೇಲೆ, 2023ರಲ್ಲಿ ಮಾರುತಿಯ ಜಿಮ್ನಿ ಬಂದ ಮೇಲೆ ಇಂಥ ಫೋನ್ ಇನ್ನೂ ಜಾಸ್ತಿಯಾಗಿದೆ. ಗೊತ್ತಿದ್ದಷ್ಟು ಹೇಳುತ್ತೇನೆ. ನಮ್ಮ ಕಡೆಯ ಮಣ್ಣುದಾರಿಗಳಲ್ಲಿ ಹೆಚ್ಚಿನವು ಎದೆ ನಡುಗಿಸುವಂಥವಲ್ಲ. ಕಲ್ಲು, ಕೊರಕಲು, ಜಾರು, ಒಂದೆರಡು ಹಳ್ಳ, ನಾಲ್ಕಾರು ಕಡಿದಾದ ತಿರುವು. ನಿಧಾನಕ್ಕೆ ಓಡಿಸಿದರೆ ಸಾಧಾರಣ ಫೋರ್ ವೀಲ್ ಗಾಡಿ ಹತ್ತುತ್ತದೆ. ಅಷ್ಟು ಹೇಳಿ ಫೋನ್ ಇಡುತ್ತೇನೆ. ಆದರೆ ಸಮಾಧಾನ ಇರುವುದಿಲ್ಲ. ದಾರಿಯಲ್ಲಿ ಗಾಡಿಗೆ ಏನಾಗಬಹುದು ಅಂತ ಎಲ್ಲರೂ ಕೇಳುತ್ತಾರೆ. ಗಾಡಿ ಹೋದ ಮೇಲೆ ದಾರಿಗೆ ಏನಾಗುತ್ತದೆ ಅಂತ ಕೇಳಿದವರು ತೀರಾ ಕಡಿಮೆ.

ನಾನು ಜಾಸ್ತಿ ಓಡಾಡುವುದು ಹೊಸನಗರ ತಾಲೂಕಿನಲ್ಲಿ. ನಗರ, ನಿಟ್ಟೂರು, ಕಟ್ಟಿನಹೊಳೆ ಸುತ್ತಮುತ್ತ. ಇಲ್ಲಿ ಡಾಂಬರು ಬಿಟ್ಟು ಒಂದಿಷ್ಟು ಒಳಗೆ ಹೋದರೆ ಒಂಟಿ ಮನೆ, ಅದರ ಕೆಳಗೆ ಅಡಿಕೆ ತೋಟ, ಮೇಲೆ ಸೊಪ್ಪಿನ ಬೆಟ್ಟ, ಅದರಾಚೆ ಕಾಡು. ಹೊರಗಿನವರು ಗಾಡಿ ಹತ್ತಿಸೋಕೆ ಹುಡುಕಿಕೊಂಡು ಬರುವ ದಾರಿಗಳಲ್ಲಿ ಎಷ್ಟೋ ದಾರಿ ಇಂಥ ಮನೆಗಳಿಗೆ ಹೋಗುವ ದಾರಿಯೇ. ಅಡಿಕೆ ಮೂಟೆ, ಗ್ಯಾಸ್ ಸಿಲಿಂಡರ್, ಶಾಲೆ ಮಕ್ಕಳು, ಹೆರಿಗೆಗೆ ಹೊರಟವರು, ಎಲ್ಲರೂ ಅದರಲ್ಲೇ ಹೋಗಬೇಕು. ಜೀಪು ಬರುವ ಮುಂಚೆ ಹುಷಾರಿಲ್ಲದವರನ್ನು ಕಂಬಳಿ ಜೋಲಿಯಲ್ಲಿ ಮಲಗಿಸಿ, ಬಿದಿರು ಗಳಕ್ಕೆ ಕಟ್ಟಿ, ಹೊತ್ತುಕೊಂಡು ಬಸ್ಸಿನ ರಸ್ತೆಗೆ ತರುತ್ತಿದ್ದರು. ಆಚೆ ಶರಾವತಿ ಕಣಿವೆಯಲ್ಲಿ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಹಿನ್ನೀರು ತುಂಬಿದ ಮೇಲೆ ಎಷ್ಟೋ ಊರುಗಳ ಜೊತೆ ಅವುಗಳ ದಾರಿಯೂ ಮುಳುಗಿತು. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈನಲ್ಲಿ ಓಡಾಟಕ್ಕೆ ಸಿಗುವ ತನಕ ಹಿನ್ನೀರಿನ ಆಚೆಯ ತುಮರಿ ಕಡೆಯವರು ಸಾಗರಕ್ಕೆ ಹತ್ತಿರದ ದಾರಿ ಅಂದರೆ ನೀರು ದಾಟಿಸುವ ಲಾಂಚನ್ನೇ ಕಾಯಬೇಕಿತ್ತು. ದಾರಿ ಒಂದು ದಿನ ಕೈಕೊಟ್ಟರೆ ಏನಾಗುತ್ತದೆ ಅಂತ ಈ ಕಡೆಯ ಜನರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಮೊದಲು ನೀರು, ಆಮೇಲೆ ಚಕ್ರ

ಆಗುಂಬೆ, ಹುಲಿಕಲ್ ಕಡೆ ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಬಿದ್ದ ನೀರು ಬಿದ್ದಲ್ಲೇ ನಿಂತರೆ ಎರಡು ಅಂತಸ್ತಿನ ಮನೆಯಷ್ಟು ಎತ್ತರ. ಇಷ್ಟು ನೀರು ಕಾಡಿನೊಳಗೆ ಬಿದ್ದಾಗ ಗಲಾಟೆ ಕಡಿಮೆ. ಎಲೆಯ ಮೇಲೆ ಬೀಳುತ್ತದೆ, ಕಾಂಡದ ಮೇಲೆ ಇಳಿಯುತ್ತದೆ, ದರಗಿನ, ಅಂದರೆ ಉದುರಿದ ಒಣ ಎಲೆಯ, ಕೆಳಗೆ ನುಸುಳುತ್ತದೆ, ಬೇರಿನ ಸಂದಿಯಲ್ಲಿ ಇಂಗುತ್ತದೆ. ಅದೇ ಮಳೆ ದಾರಿಯ ಮೇಲೆ ಬಿದ್ದರೆ ಇಂಗುವುದಕ್ಕೆ ಜಾಗವೇ ಇಲ್ಲ. ಚಕ್ರ ಓಡಾಡಿ ಓಡಾಡಿ ಮಣ್ಣು ಗಟ್ಟಿಯಾಗಿರುತ್ತದೆ. ಇಳಿಜಾರು ಬೇರೆ. ಎರಡು ಚಕ್ರದ ಜಾಡು ಎರಡು ಕಾಲುವೆಯಾಗಿ ಸಿದ್ಧವಾಗಿರುತ್ತವೆ. ಜಡಿಮಳೆಯಲ್ಲಿ ಇಂಥ ಒಂದು ಉಬ್ಬಿನ, ಅಂದರೆ ಏರುದಾರಿಯ, ಬುಡದಲ್ಲಿ ನಿಂತು ನೋಡಿ. ಕೆಂಪು ನೀರು ಪಾದ ಮುಚ್ಚುವಷ್ಟು ಹರಿಯುತ್ತಿರುತ್ತದೆ, ಒಳಗೆ ಸಣ್ಣ ಕಲ್ಲುಗಳು ಉರುಳಿ ಕಾಲಿಗೆ ತಾಗುತ್ತಿರುತ್ತವೆ. ಇದು ಮಳೆಗಾಲದಲ್ಲಿ ಹಳ್ಳ, ಬೇಸಿಗೆಯಲ್ಲಿ ರಸ್ತೆ. ಎರಡೂ ಒಂದೇ ಜಾಗ.

ನಮ್ಮ ಮಣ್ಣಿನ ಗುಣವೂ ತಿಳಿದಿರಬೇಕು. ಮೇಲೆ ಕಾಣುವುದು ಜಂಬಿಟ್ಟಿಗೆಯ ಕೆಂಪು ಮಣ್ಣು. ಗಾಳಿ, ಬಿಸಿಲು ತಾಗಿದಷ್ಟೂ ಈ ಪದರ ಗಟ್ಟಿಯಾಗುತ್ತದೆ. ಮನೆ ಕಟ್ಟುವ ಜಂಬಿಟ್ಟಿಗೆ ಕಲ್ಲನ್ನು ಮೆತ್ತಗಿದ್ದಾಗ ಕಡಿದು ಬಿಸಿಲಿಗೆ ಬಿಡುವುದು ಇದಕ್ಕೇ. ಆದರೆ ಎಷ್ಟೋ ಕಡೆ ಆ ಪದರದ ಕೆಳಗೆ ಬೆಣ್ಣೆಯಷ್ಟು ಮೆತ್ತನೆ ಶೇಡಿ ಮಣ್ಣು ಇರುತ್ತದೆ. ಬಿಳಿ, ಹಳದಿ, ಕೆಲವು ಕಡೆ ತಿಳಿ ಗುಲಾಬಿ. ಮೇಲಿನ ಗಟ್ಟಿ ಪದರ ಇರುವ ತನಕ ದಾರಿ ಎಷ್ಟು ಮಳೆ ಬಂದರೂ ತಡೆದುಕೊಳ್ಳುತ್ತದೆ. ಅದನ್ನು ಒಂದು ಕಡೆ ಒಡೆದು ಶೇಡಿ ಮಣ್ಣು ಕಾಣುವಂತೆ ಮಾಡಿದರೆ ಮುಗಿಯಿತು. ನೀರು ಅಲ್ಲಿಂದ ಒಳಗೆ ಹೊಕ್ಕು, ಮೆತ್ತನೆ ಮಣ್ಣನ್ನು ತೊಳೆದುಕೊಂಡು ಹೋಗಿ, ಮೇಲಿನ ಪದರವನ್ನು ಅಡಿಯಲ್ಲಿ ಆಧಾರವಿಲ್ಲದೆ ನಿಲ್ಲಿಸುತ್ತದೆ. ಒಂದು ದಿನ ಅದೂ ಕುಸಿಯುತ್ತದೆ.

ಅದಕ್ಕೇ ಇಲ್ಲಿನವರು ಮೇ ತಿಂಗಳ ಕೊನೆಯಲ್ಲಿ ಗುದ್ದಲಿ ಹಿಡಿದು ದಾರಿಗೆ ಇಳಿಯುತ್ತಾರೆ. ದಾರಿಯ ಪಕ್ಕದ ದರೆಯ (ಕಡಿದಾದ ಮಣ್ಣಿನ ಗೋಡೆಯ) ಬುಡದ ಚರಂಡಿ ಬಿಡಿಸುತ್ತಾರೆ. ಬಿದ್ದ ಕೊಂಬೆ, ತುಂಬಿದ ದರಗು ಎಳೆದು ಹಾಕುತ್ತಾರೆ. ದಾರಿಗೆ ಅಡ್ಡಲಾಗಿ, ಸ್ವಲ್ಪ ಓರೆಯಾಗಿ, ಅಲ್ಲಲ್ಲಿ ಒಂದು ತಗ್ಗು ತೆಗೆದು ಅದರ ಕೆಳಬದಿಗೆ ಕಲ್ಲು ಕೂರಿಸುತ್ತಾರೆ. ಮೇಲಿಂದ ಬಂದ ನೀರು ಆ ಕಲ್ಲಿನ ಸಾಲಿಗೆ ತಾಗಿ ಪಕ್ಕಕ್ಕೆ ತಿರುಗಿ ಕಾಡಿನ ದರಗಿನೊಳಗೆ ಹೋಗುತ್ತದೆ. ನೀರಿಗೆ ಓಟ ಸಿಗಬಾರದು, ಅಷ್ಟೇ ಲೆಕ್ಕ. ಓಟ ಸಿಕ್ಕಿದರೆ ಬಲ ಬರುತ್ತದೆ, ಬಲ ಬಂದರೆ ಮಣ್ಣು ಎತ್ತುತ್ತದೆ. ತೋಟದ ಬಸಿಗಾಲುವೆ ನೋಡಿಕೊಂಡು ಬೆಳೆದವರಿಗೆ ಇದು ಹೇಳಿಕೊಡದೆ ಬಂದ ವಿದ್ಯೆ. ಈ ಓರೆ ತಗ್ಗುಗಳು ಗಾಡಿಯಲ್ಲಿ ಕೂತವರಿಗೆ ಹಿಂಸೆ ನಿಜ. ಸೊಂಟಕ್ಕೆ ಒಂದು ಏಟು ಬೀಳುತ್ತದೆ. ಕೆಲವರು ಇಳಿದು, ಸಲೀಸಾಗಿ ಹೋಗಲಿ ಅಂತ ಅದಕ್ಕೆ ಕಲ್ಲು ಮಣ್ಣು ತುಂಬಿ ಮುಚ್ಚುತ್ತಾರೆ. ದಯವಿಟ್ಟು ಆ ಕೆಲಸ ಮಾಡಬೇಡಿ. ಅದು ಗುಂಡಿಯಲ್ಲ, ಯಾರೋ ಬೆನ್ನು ಬಗ್ಗಿಸಿ ತೆಗೆದ ಕಾಲುವೆ.

ಜೀಪಿನವರ ಕಾಲು

ಕೊಡಚಾದ್ರಿ ಹತ್ತುವ ಜೀಪಿನಲ್ಲಿ ಮುಂದಿನ ಸೀಟು ಸಿಕ್ಕರೆ ಬಿಡಬೇಡಿ. ಹಿಂದೆ ಕೂತವರಿಗೆ ಕಂಬಿ ಹಿಡಿದುಕೊಳ್ಳುವುದರಲ್ಲೇ ದಾರಿ ಮುಗಿದಿರುತ್ತದೆ. ಮುಂದೆ ಕೂತರೆ ಓಡಿಸುವವರ ಕಾಲು ಕಾಣುತ್ತದೆ. ಕೊಲ್ಲೂರಿನಿಂದ ಹೊರಟ ಜೀಪು ನಾಗೋಡಿ ಘಟ್ಟ ಹತ್ತಿ, ಕಟ್ಟಿನಹೊಳೆ ದಾಟಿ, ಮಣ್ಣುದಾರಿ ಹಿಡಿಯುವ ತನಕ ವಿಶೇಷ ಏನಿಲ್ಲ. ಆಮೇಲಿನದೇ ನೋಡುವಂಥದ್ದು. ಒಮ್ಮೆ ಸಾಗರದ ನೆಂಟರ ಜೊತೆ ಹೋದಾಗ ನನಗೆ ಆ ಸೀಟು ಸಿಕ್ಕಿತ್ತು. ಓಡಿಸುತ್ತಿದ್ದವರು ವಯಸ್ಸಾದವರು, ಮಾತು ಕಡಿಮೆ. ರಬ್ಬರ್ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಓಡಿಸುತ್ತಿದ್ದರು. ಮಣ್ಣುದಾರಿ ಶುರುವಾಗುವ ಮುಂಚೆಯೇ ಗಾಡಿ ಪೂರ್ತಿ ನಿಲ್ಲಿಸಿ, ಚಿಕ್ಕ ಗೇರಿನ ಕಡ್ಡಿ ಎಳೆದು ಫೋರ್ ವೀಲ್ ಹಾಕಿದರು, ಲೋ ಗೇರಿಗೆ ತಂದರು. ಸಿಕ್ಕಿಹಾಕಿಕೊಂಡ ಮೇಲೆ ಹಾಕುವವರನ್ನು ಎಷ್ಟೋ ಸಲ ನೋಡಿದ್ದೇನೆ. ಅಷ್ಟೊತ್ತಿಗೆ ಚಕ್ರ ಗುಂಡಿ ತೋಡಿಯಾಗಿರುತ್ತದೆ.

ಒಂದು ತಿರುವಿನಲ್ಲಿ ದಾರಿಗೆ ಅಡ್ಡವಾಗಿ ಮೊಣಕಾಲೆತ್ತರದ ಬಂಡೆ ಮೆಟ್ಟಿಲು. ಬಲಗಡೆ ಆಳವಾದ ಕೊರಕಲು. ಬಂಡೆಯ ಮೇಲೆ ಹಾವಸೆ ಕಟ್ಟಿ ಹಸಿರು ಮಿಂಚುತ್ತಿತ್ತು. ಅವರು ಅದಕ್ಕೆ ಎರಡು ಮಾರು ಮುಂಚೆಯೇ ನಿಂತರು. ತಲೆ ಹೊರಗೆ ಹಾಕಿ ಒಮ್ಮೆ ನೋಡಿದರು. ನಾನಾದರೆ ಕೊರಕಲಿನಿಂದ ದೂರ ಇರಲಿ ಅಂತ ಎಡಕ್ಕೆ ಒತ್ತುತ್ತಿದ್ದೆನೇನೋ. ಅವರು ಬಲ ಚಕ್ರವನ್ನು ಕೊರಕಲಿನ ಆಚೆ ಅಂಚಿಗೆ, ಎಡ ಚಕ್ರವನ್ನು ನಡುವಿನ ದಿಣ್ಣೆಯ ಮೇಲೆ ಹತ್ತಿಸಿದರು. ಕೊರಕಲು ಎರಡು ಚಕ್ರದ ನಡುವೆ ಹೋಯಿತು. ಮುಂದಿನ ಚಕ್ರ ಬಂಡೆಗೆ ತಾಗಿದಾಗ ಗಾಡಿ ನಿಂತೇ ಹೋಯಿತು ಅನ್ನಿಸಿತು. ಆಕ್ಸಿಲರೇಟರ್ ಮೇಲಿದ್ದ ಕಾಲಿನ ಹೆಬ್ಬೆರಳು ಮಾತ್ರ ಒಂದಿಷ್ಟು ಬಗ್ಗಿತು. ಎಂಜಿನ್ ಸದ್ದು ಏರಲಿಲ್ಲ, ಆಳವಾಯಿತು. ಟಯರ್ ಬಂಡೆಯ ಮೈಗೆ ಅಮರಿಕೊಂಡು, ಹಲ್ಲು ಹಲ್ಲಾಗಿ ಮೇಲೆ ಬಂತು. ಹಿಂದಿನ ಚಕ್ರವೂ ಹಾಗೇ. ಒಂದು ಹಿಡಿ ಮಣ್ಣೂ ಹಿಂದಕ್ಕೆ ಹಾರಲಿಲ್ಲ.

"ಅಣ್ಣ, ಸ್ವಲ್ಪ ರೇಸ್ ಕೊಟ್ಟಿದ್ರೆ ಬೇಗ ಹತ್ತುತ್ತಿತ್ತಲ್ವಾ?" ಅಂತ ಹಿಂದಿನಿಂದ ನಮ್ಮ ಹುಡುಗನೊಬ್ಬ ಕೇಳಿದ.

"ಹತ್ತುತ್ತಿತ್ತು ಮಾರಾಯ. ನಾಳೆ ಮತ್ತೆ ನಾನೇ ಬರಬೇಕಲ್ಲ ಇದ್ರಲ್ಲಿ" ಅಂದರು.

ಅಷ್ಟೇ ಮಾತು. ಮೇಲೆ ಮೂಲ ಮೂಕಾಂಬಿಕೆ ದೇವಸ್ಥಾನದ ಹತ್ತಿರ ಇಳಿದೆವು. ಅಲ್ಲಿ ನಿಂತಿರುವ ಕಬ್ಬಿಣದ ಕಂಬ ನೋಡಿ, ಸರ್ವಜ್ಞಪೀಠಕ್ಕೆ ನಡೆದು ಹೋಗಿ ಬಂದೆವು. 1,343 ಮೀಟರ್ ಎತ್ತರದ ಬೆಟ್ಟ, ನೋಟ ಹೇಗಿರುತ್ತದೆ ಅಂತ ಬರೆಯುವುದಕ್ಕೆ ಹೋಗುವುದಿಲ್ಲ, ನೋಡಿದವರು ಬೇಕಾದಷ್ಟು ಬರೆದಿದ್ದಾರೆ. ನನ್ನ ತಲೆಯಲ್ಲಿ ಉಳಿದದ್ದು ಆ ಹೆಬ್ಬೆರಳು. ಮತ್ತು ಆ ಮಾತು. ದಿನಾ ಅದೇ ದಾರಿಯಲ್ಲಿ ಹೊಟ್ಟೆಪಾಡು ನಡೆಸುವವರು ದಾರಿಯನ್ನು ಉಳಿಸಿಕೊಂಡು ಹತ್ತುತ್ತಾರೆ. ಒಂದು ಸಲ ಬಂದು ಹೋಗುವವರಿಗೆ ಹತ್ತಿದರೆ ಸಾಕು. ಓಡಿಸುವ ರೀತಿಯಲ್ಲಿ ಇರುವ ವ್ಯತ್ಯಾಸ ಎಲ್ಲ ಇಲ್ಲಿಂದಲೇ ಹುಟ್ಟುತ್ತದೆ ಅಂತ ನನಗೆ ಅನ್ನಿಸುತ್ತದೆ.

ಚಕ್ರ ಸುಮ್ನೆ ತಿರುಗಿದರೆ

ಫೋರ್ ವೀಲ್ ಅಂದರೆ ನಾಲ್ಕೂ ಚಕ್ರ ಯಾವಾಗಲೂ ಎಳೆಯುತ್ತವೆ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಿಲ್ಲ. ಎಡ ಚಕ್ರ ಬಲ ಚಕ್ರದ ನಡುವೆ ಡಿಫರೆನ್ಷಿಯಲ್ ಇರುತ್ತದೆ, ಎರಡೂ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರಿನ ಜೋಡಣೆ. ತಿರುವಿನಲ್ಲಿ ಹೊರಗಿನ ಚಕ್ರ ಜಾಸ್ತಿ ದೂರ ಓಡಬೇಕಲ್ಲ, ಅದಕ್ಕೆ ಅದು ಬೇಕೇ ಬೇಕು. ಆದರೆ ಅದರ ಗುಣ ಹೇಗೆ ಅಂದರೆ, ಎರಡೂ ಕಡೆಗೆ ಸಮ ಬಲ ಕೊಡುತ್ತದೆ. ಒಂದು ಚಕ್ರ ಗಾಳಿಯಲ್ಲಿ ತೇಲಿದರೆ ಅದನ್ನು ತಿರುಗಿಸುವುದಕ್ಕೆ ಬಲವೇ ಬೇಡ. ಆಗ ನೆಲ ಹಿಡಿದ ಚಕ್ರಕ್ಕೂ ಅಷ್ಟೇ ಬಲ, ಅಂದರೆ ಹೆಚ್ಚುಕಡಿಮೆ ಏನೂ ಇಲ್ಲ. ಕೊರಕಲು ದಾರಿಯಲ್ಲಿ ಮುಂದಿನ ಎಡ ಚಕ್ರ, ಹಿಂದಿನ ಬಲ ಚಕ್ರ ಒಟ್ಟಿಗೆ ಮೇಲೆದ್ದರೆ ಫೋರ್ ವೀಲ್ ಇದ್ದೂ ಗಾಡಿ ನಿಂತುಬಿಡುತ್ತದೆ. ಆಗ ಎಷ್ಟು ರೇಸ್ ಕೊಟ್ಟರೂ ಸಡಿಲವಾದ ಚಕ್ರ ಇನ್ನಷ್ಟು ಜೋರಾಗಿ ತಿರುಗುತ್ತದೆ, ಅಷ್ಟೇ. ಅದರಡಿಯ ಮಣ್ಣು ಹಾರಿಹೋಗುತ್ತದೆ. ಹೊಸ ಗಾಡಿಗಳಲ್ಲಿ ತಿರುಗುವ ಚಕ್ರಕ್ಕೆ ತಾನಾಗೇ ಬ್ರೇಕ್ ಹಿಡಿದು ಇನ್ನೊಂದಕ್ಕೆ ಬಲ ತಿರುಗಿಸುವ ವ್ಯವಸ್ಥೆ ಇದೆ. ಥಾರ್, ಜಿಮ್ನಿ ಎರಡರಲ್ಲೂ ಇದೆ. ಅದಕ್ಕೂ ಒಂದು ಕ್ಷಣ ಸಮಯ ಕೊಡಬೇಕು. ಕಾಲನ್ನು ಒಂದೇ ಸಮ ಇಟ್ಟು ಕಾದರೆ ಟಕ್ ಟಕ್ ಅಂತ ಬ್ರೇಕ್ ಹಿಡಿಯುವ ಸದ್ದು ಕೇಳಿಸುತ್ತದೆ, ಗಾಡಿ ಮೆಲ್ಲಗೆ ಮುಂದಕ್ಕೆ ಬರುತ್ತದೆ. ಹಳೇ ಜೀಪಿನಲ್ಲಿ ಅದೇ ಕೆಲಸವನ್ನು ಕಾಲಿನಿಂದ ಮಾಡುತ್ತಾರೆ, ಬ್ರೇಕನ್ನು ಒಂದಿಷ್ಟು ಒತ್ತಿ ಹಿಡಿದು.

ಲೋ ಗೇರ್ ಇರುವುದೂ ಇದಕ್ಕೇ. ಎಂಜಿನ್ ಅಷ್ಟೇ ತಿರುಗಿದರೂ ಚಕ್ರ ಎರಡು, ಎರಡೂವರೆ ಪಟ್ಟು ನಿಧಾನವಾಗಿ ತಿರುಗುತ್ತದೆ, ಬಲ ಅಷ್ಟೇ ಪಟ್ಟು ಜಾಸ್ತಿ. ಅದು ಜೋರು ಮಾಡುವ ಗೇರ್ ಅಲ್ಲ, ನಿಧಾನ ಮಾಡುವ ಗೇರ್. ನೆಲಕ್ಕೂ ಟಯರಿಗೂ ಹಿಡಿತ ಇರುವುದು ಟಯರ್ ಉರುಳುವ ತನಕ. ಜಾರೋಕೆ ಶುರುವಾದರೆ ಹಿಡಿತ ಇನ್ನೂ ಕಡಿಮೆಯಾಗುತ್ತದೆ. ಟಯರ್ ಗಾಳಿ ಸ್ವಲ್ಪ ಇಳಿಸಿದರೆ, 30 ಪಿಎಸ್‌ಐ ಇದ್ದದ್ದನ್ನು 20ರ ಆಸುಪಾಸಿಗೆ ತಂದರೆ, ಟಯರ್ ಅಗಲವಾಗಿ ನೆಲಕ್ಕೆ ಕೂರುತ್ತದೆ. ಕಲ್ಲಿನ ಮೇಲೆ ಕುಣಿಯುವುದಿಲ್ಲ. ಡಾಂಬರಿಗೆ ಬಂದ ಕೂಡಲೇ ಮತ್ತೆ ತುಂಬಿಸಬೇಕು, ಅದಕ್ಕೆ ಪಂಪು ಜೊತೆಗಿರಲಿ. ಅಂಟು ಕೆಸರಿನಲ್ಲಿ ಟಯರಿನ ಹಲ್ಲಿಗೆ ಮೆತ್ತಿದ ಮಣ್ಣು ಉದುರಬೇಕಾದರೆ ಸ್ವಲ್ಪ ತಿರುಗಿಸಲೇಬೇಕು, ಅದು ಬೇರೆ ಮಾತು. ಆದರೆ ಅಂಥ ಕೆಸರಿರುವ ಉಬ್ಬನ್ನು ಅವತ್ತೇ ಹತ್ತಬೇಕಾ ಅನ್ನುವುದು ಮೊದಲ ಪ್ರಶ್ನೆ. ಎರಡು ದಿನ ಬಿಸಿಲು ಬಿದ್ದರೆ ಅದೇ ಉಬ್ಬು ಸದ್ದಿಲ್ಲದೆ ಹತ್ತಿಸಿಕೊಳ್ಳುತ್ತದೆ.

ಮಾವನ ಮನೆಯ ಉಬ್ಬು

ನಮ್ಮ ಸೋದರಮಾವನ ಮನೆ ನಗರದಿಂದ ಒಳಗೆ. ಡಾಂಬರು ಬಿಟ್ಟ ಮೇಲೆ ಒಂದು ಹಳ್ಳ, ಆಮೇಲೆ ಧೂಪ, ಮತ್ತಿ, ಬಗನಿ ಮರಗಳ ನಡುವೆ ಉದ್ದನೆ ಉಬ್ಬು. ಆ ಉಬ್ಬಿನ ನೆತ್ತಿಯಿಂದ ಸ್ವಲ್ಪ ಕೆಳಗೆ, ದಾರಿಯ ಪಕ್ಕದಲ್ಲೇ, ಅಬ್ಬಿ ನೀರಿನ ತೊಟ್ಟಿ ಇದೆ. ಗುಡ್ಡದ ಒರತೆಯಿಂದ ಬರುವ ನೀರು ಅಲ್ಲಿ ನಿಂತು ಪೈಪಿನಲ್ಲಿ ಮನೆಗೆ ಹೋಗುತ್ತದೆ. ಪಂಪಿಲ್ಲ, ಕರೆಂಟಿಲ್ಲ, ವರ್ಷವಿಡೀ ಹಗಲೂ ರಾತ್ರಿ ನೀರು. ಮಾವನ ಹಳೇ ಜೀಪನ್ನು ಆ ಉಬ್ಬಿನಲ್ಲಿ ನಾನೂ ಓಡಿಸುತ್ತೇನೆ. ಎಲ್ಲಿ ಎಡಕ್ಕೆ ಒತ್ತಬೇಕು, ಎಲ್ಲಿ ಗಾಡಿಯಡಿಯ ಡಿಫರೆನ್ಷಿಯಲ್ ಹೌಸಿಂಗ್ ಕಲ್ಲಿಗೆ ತಾಗುತ್ತದೆ, ಅದೆಲ್ಲ ಮಾವ ಪಕ್ಕದಲ್ಲಿ ಕೂತು ಹೇಳಿಕೊಟ್ಟಿದ್ದು. ನಡೆದುಕೊಂಡು ಹತ್ತಿ ತೋರಿಸಿಯೂ ಕೊಟ್ಟಿದ್ದಾರೆ. ಕಲ್ಲುಗಳ ಗುರುತು ಕಾಲಿಗೆ ಹತ್ತಬೇಕು ಅನ್ನುವುದು ಅವರ ಪಟ್ಟು.

ಒಂದು ವರ್ಷ ಹಸ್ತ ಮಳೆ ಹೊತ್ತಿಗೆ ನಾನು ಅಲ್ಲಿದ್ದೆ. ಹಿಂದಿನ ದಿನವಷ್ಟೇ ಮಳೆ ಹೊಯ್ದು ಬಿಟ್ಟಿತ್ತು. ಬೆಳಗ್ಗೆ ತಿಂಡಿ ಹೊತ್ತಿಗೆ ಉಬ್ಬಿನ ಕಡೆಯಿಂದ ಎಂಜಿನ್ ಕಿರುಚುವ ಸದ್ದು. ಹೋಗಿ ನೋಡಿದರೆ ಒಂದರ ಹಿಂದೆ ಒಂದು ನಾಲ್ಕಾರು ಗಾಡಿ. ಫೋನಿನ ನಕ್ಷೆ ನೋಡಿಕೊಂಡು, ಈ ದಾರಿ ಆಚೆ ಎಲ್ಲೋ ಸೇರುತ್ತದೆ ಅಂತ ಬಂದಿದ್ದರು. ಮುಂದಿನ ಎರಡು ಹೇಗೋ ಮೇಲೆ ಬಂದಿದ್ದವು. ಮೂರನೆಯದು ಓರೆ ತಗ್ಗಿನಲ್ಲಿ ಅಡ್ಡಡ್ಡ ಚಕ್ರ ಎತ್ತಿಕೊಂಡು ನಿಂತಿತ್ತು. ಓಡಿಸುತ್ತಿದ್ದ ಹುಡುಗ ಪೂರ್ತಿ ಒತ್ತಿ ಹಿಡಿದಿದ್ದ. ಕ್ಲಚ್ ಸುಟ್ಟ ವಾಸನೆ, ಹೊಗೆ. ಹಿಂದಿನ ಚಕ್ರದಿಂದ ಕೆಂಪು ಮಣ್ಣು ಆಳೆತ್ತರ ಹಾರಿ ಮರದ ಬುಡಕ್ಕೆ ಬಡಿಯುತ್ತಿತ್ತು. ನೋಡನೋಡುತ್ತಿದ್ದಂತೆ ಹಾರುವ ಮಣ್ಣಿನ ಬಣ್ಣ ಬದಲಾಯಿತು. ಕೆಂಪು ಹೋಗಿ ಬಿಳಿ. ನನ್ನ ಪಕ್ಕದಲ್ಲಿದ್ದ ಮಾವ "ಶೇಡಿ ಬಂತು" ಅಂದರು. ಆ ದನಿ ಇನ್ನೂ ನೆನಪಿದೆ.

ಕೈ ಅಡ್ಡ ಹಿಡಿದು ನಿಲ್ಲಿಸಿದೆವು. ಹುಡುಗರು ಒಳ್ಳೆಯವರೇ. ಹೇಳಿದ್ದನ್ನು ಕೇಳಿದರು. ಮಾವ ಟಯರಿನ ಗಾಳಿ ಇಳಿಸಿಸಿದರು. ಗುಂಡಿಗೆ ಕಲ್ಲು ತಂದು ಕೂರಿಸಿದೆವು, ಎಸೆದಿದ್ದಲ್ಲ, ಒಂದೊಂದಾಗಿ ಅಲುಗದ ಹಾಗೆ ಕೂರಿಸಿದ್ದು. ಆಮೇಲೆ ಗಾಡಿಯನ್ನು ರಿವರ್ಸ್ ಗೇರಿನಲ್ಲೇ, ಕ್ಲಚ್ ಒತ್ತದೆ, ನೆಟ್ಟಗೆ ಹಿಂದಕ್ಕೆ ಇಳಿಸಿ, ಲೋ ಫಸ್ಟ್‌ನಲ್ಲಿ ಹತ್ತಿಸಿದರು. ಆಕ್ಸಿಲರೇಟರ್ ಮುಟ್ಟಿದರೋ ಇಲ್ಲವೋ ಅನ್ನುವ ಹಾಗೆ ಹತ್ತಿತು. ಆ ಹುಡುಗನ ಮುಖದಲ್ಲಿ ಕಂಡ ಆಶ್ಚರ್ಯ ನಿಜವಾದದ್ದು. ಇಷ್ಟು ಸುಲಭವಾಗಿ ಹತ್ತುವ ಗಾಡಿ ತನ್ನದು ಅಂತ ಅವನಿಗೆ ಯಾರೂ ತೋರಿಸಿಕೊಟ್ಟಿರಲಿಲ್ಲ. ಅತ್ತೆ ಎಲ್ಲರಿಗೂ ಚಹಾ ಕೊಟ್ಟರು. ಮುಂದೆ ದಾರಿ ಇಲ್ಲ ಅಂತ ತಿಳಿದು, ವಾಪಸ್ ನಿಧಾನಕ್ಕೆ ಇಳಿದು ಹೋದರು.

ಅವತ್ತು ರಾತ್ರಿ ಮಳೆ ಹಿಡಿಯಿತು. ಬೆಳಗ್ಗೆ ಅಡುಗೆಮನೆಯ ನಲ್ಲಿಯಲ್ಲಿ ಹಾಲು ಬೆರೆಸಿದಂಥ ನೀರು ಬಂತು. ಅತ್ತೆ ಹಿತ್ತಾಳೆ ಬಿಂದಿಗೆಯ ಬಾಯಿಗೆ ಬಿಳಿ ಪಂಚೆ ಕಟ್ಟಿ ಸೋಸುತ್ತಿದ್ದರು. ಬಟ್ಟೆಯ ಮೇಲೆ ನುಣ್ಣನೆ ಹಿಟ್ಟಿನ ಹಾಗೆ ಶೇಡಿ ಉಳಿಯುತ್ತಿತ್ತು. ಸೋಸಿದರೂ ನೀರು ತಿಳಿಯಾಗಲಿಲ್ಲ. ಉಬ್ಬಿಗೆ ಹೋದೆವು. ನಾವು ಕೂರಿಸಿದ್ದ ಕಲ್ಲು ಹಾಗೇ ಇತ್ತು. ಆದರೆ ಚಕ್ರ ಒಡೆದಿದ್ದ ಓರೆ ತಗ್ಗಿನ ಅಂಚಿನಿಂದ ನೀರು ದಾರಿ ಮಾಡಿಕೊಂಡು, ಪಕ್ಕದ ಕಾಡಿಗೆ ಹೋಗುವ ಬದಲು ಜಾಡಿನಲ್ಲೇ ಕೆಳಗೆ ಇಳಿದು, ನೇರವಾಗಿ ತೊಟ್ಟಿಗೆ ನುಗ್ಗಿತ್ತು. ಹಿಂದಿನ ದಿನ ಅಂಗೈಯಷ್ಟಿದ್ದ ಸೀಳು ಒಂದೇ ರಾತ್ರಿಗೆ ಮೊಣಕಾಲು ಮುಳುಗುವಷ್ಟು ಆಳ ಆಗಿತ್ತು. ಮಾವ ಮಳೆಯಲ್ಲೇ ಕಂಬಳಿ ಕೊಪ್ಪೆ ಹಾಕಿಕೊಂಡು ಗುದ್ದಲಿ ಹಿಡಿದರು. ಮೇಲಿನಿಂದಲೇ ನೀರು ತಿರುಗಿಸಬೇಕು, ಸೀಳಿದ್ದಲ್ಲಿ ತುಂಬಿದರೆ ನಿಲ್ಲುವುದಿಲ್ಲ. ಕೆಲಸ ಮುಗಿಯುವ ಹೊತ್ತಿಗೆ ಕಾಲ ಬೆರಳ ಸಂದಿಯಲ್ಲೆಲ್ಲ ಉಂಬಳ (ಜಿಗಣೆ). ಅವರು ಯಾರನ್ನೂ ಬೈಯಲಿಲ್ಲ. "ಗೊತ್ತಿಲ್ಲದೆ ಆಗಿದ್ದು" ಅಂದರು. ಇದನ್ನು ಬರೆಯಬೇಕು ಅಂತ ನನಗೆ ಅನ್ನಿಸಿದ್ದು ಆ ಮಾತಿನಿಂದಲೇ. ಗೊತ್ತಿಲ್ಲದೆ ಆಗುವುದಾದರೆ ಗೊತ್ತಿರುವವರು ಹೇಳಬೇಕಲ್ಲ.

ಇನ್ನು ಕೆಲವು ಮಾತು

ಇಳಿಯುವಾಗಲೂ ಲೋ ಫಸ್ಟ್. ಹತ್ತುವ ಗೇರಿನಲ್ಲೇ ಇಳಿಯಬೇಕು, ಕ್ಲಚ್ಚಿನ ಮೇಲಿಂದ ಕಾಲು ತೆಗೆಯಬೇಕು. ಎಂಜಿನ್ನೇ ಹಿಡಿದು ಇಳಿಸುತ್ತದೆ. ಜಾರಿನಲ್ಲಿ ಬ್ರೇಕ್ ಒತ್ತಿ ಚಕ್ರ ಕಟ್ಟಿಬಿಟ್ಟರೆ ಗಾಡಿ ನಿಮ್ಮ ಮಾತು ಕೇಳುವುದಿಲ್ಲ. ಹಾಗೆ ಜಾರಿದಾಗ ಬ್ರೇಕ್ ಬಿಟ್ಟು ಒಂದಿಷ್ಟು ಆಕ್ಸಿಲರೇಟರ್ ಕೊಟ್ಟರೆ ಚಕ್ರ ಮತ್ತೆ ಉರುಳಿ ಹಿಡಿತ ಸಿಗುತ್ತದೆ. ಮನಸ್ಸು ಒಪ್ಪುವುದಿಲ್ಲ, ಆದರೆ ಅದೇ ಸರಿ. ಎದುರಿಗೆ ಗಾಡಿ ಬಂದರೆ ಇಳಿಯುವವರು ನಿಂತು ಹತ್ತುವವರಿಗೆ ದಾರಿ ಬಿಡಬೇಕು. ನಿಯಮವೂ ಹಾಗೇ ಇದೆ. ಹಳ್ಳ ದಾಟುವ ಮುಂಚೆ ಒಬ್ಬರು ಇಳಿದು ನಡೆದು ನೋಡಲಿ. ನಡೆಯಲಾಗದ ನೀರಿಗೆ ಗಾಡಿ ಇಳಿಸಬಾರದು.

ಜೂನ್, ಜುಲೈನಲ್ಲಿ ದಾರಿಬದಿಯ ನಿಂತ ನೀರಿನ ಮೇಲೆ ಬಾಗಿದ ಕೊಂಬೆಗಳನ್ನು ನೋಡಿ. ಎಲೆಗಳ ನಡುವೆ ಮುಷ್ಟಿಯಷ್ಟು ಬಿಳಿ ನೊರೆ ಕಾಣಿಸಬಹುದು. ಅದು ಮರಗಪ್ಪೆಯ ಗೂಡು. ಮೊಟ್ಟೆ ಒಡೆದ ಗೊದಮೊಟ್ಟೆಗಳು ಕೆಳಗಿನ ನೀರಿಗೆ ಉದುರುತ್ತವೆ. ಆ ಗುಂಡಿಯನ್ನು ಬಳಸಿ ಹೋಗುವಷ್ಟು ಜಾಗ ಇದ್ದರೆ ಬಳಸಿ ಹೋಗಿ, ಇಲ್ಲದಿದ್ದರೆ ಅವತ್ತು ಅಲ್ಲೇ ನಿಲ್ಲಿಸಿ ನಡೆದು ಹೋಗಿ. ಬೇಸಿಗೆಯಲ್ಲಿ ಬರುವವರು ಉಣುಗಿನ ಬಗ್ಗೆ ಎಚ್ಚರ ಇರಲಿ. ಅದು ಕಚ್ಚಿ ಹರಡುವ ಮಂಗನ ಕಾಯಿಲೆ ಮೊದಲು ಗೊತ್ತಾಗಿದ್ದೇ 1957ರಲ್ಲಿ ನಮ್ಮ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಡಿಸೆಂಬರ್‌ನಿಂದ ಮೇ ತನಕ ಅದರ ಕಾಟ ಜಾಸ್ತಿ. ಗಾಡಿ ನಿಲ್ಲಿಸಿ ದರಗಿನ ಮೇಲೆ ಕೂತು ಊಟ ಮಾಡುವ ಮುಂಚೆ ಇದು ನೆನಪಿರಲಿ. ಮಂಗ ಸತ್ತು ಬಿದ್ದಿದ್ದರೆ ಹತ್ತಿರ ಹೋಗಬೇಡಿ, ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೇಳಿ. ಇನ್ನು ಕೊಡಚಾದ್ರಿ ಇರುವುದು ಮೂಕಾಂಬಿಕಾ ವನ್ಯಜೀವಿಧಾಮದಲ್ಲಿ. ಎಲ್ಲಿಗೆ ಬೇಕಾದರೂ ಗಾಡಿ ನುಗ್ಗಿಸುವ ಜಾಗ ಅದಲ್ಲ. ಅನುಮತಿ ಇಲ್ಲದೆ ಕಾಡಿನೊಳಗೆ ಹೋಗುವುದು ಅಪರಾಧ. ಬಿಟ್ಟ ದಾರಿಯಲ್ಲೇ ಹೋಗಬೇಕು. ಕೊರಕಲು ತಪ್ಪಿಸೋಕೆ ಅಂತ ಪಕ್ಕದ ಹುಲ್ಲಿನ ಮೇಲೆ ಹೊಸ ಜಾಡು ಮಾಡಿದರೆ ಮುಂದಿನ ಮಳೆಗೆ ಅಲ್ಲೂ ಒಂದು ಹಳ್ಳ ಹುಟ್ಟುತ್ತದೆ.

ಕಾಂಕ್ರೀಟ್ ಹಾಕಿಸಬೇಕಾ?

ಇಷ್ಟೆಲ್ಲ ಬರೆದರೆ, ಮಣ್ಣುದಾರಿ ಹಾಗೇ ಇರಲಿ ಅನ್ನುವವರ ಗುಂಪಿಗೆ ನನ್ನನ್ನು ಸೇರಿಸಬೇಡಿ. ಕಾಡಿನ ದಾರಿ ಕಾಂಕ್ರೀಟ್ ಆದರೆ ಸೊಬಗು ಹೋಗುತ್ತದೆ ಅಂತ ಕೆಲವರು ಬೇಸರ ಮಾಡಿಕೊಳ್ಳುತ್ತಾರೆ. ಕಾಡಿನ ನಡುವೆ ಹಾದುಹೋಗುವ ದಾರಿಗೆ ಆ ಮಾತು ಒಪ್ಪುತ್ತೇನೆ. ಕೊಡಚಾದ್ರಿಯ ದಾರಿ ಮಣ್ಣುದಾರಿಯಾಗೇ ಇರುವುದು ಒಳ್ಳೆಯದು ಅಂತಲೇ ನನ್ನ ಅಭಿಪ್ರಾಯ. ಸಲೀಸಾದರೆ ಅಲ್ಲಿಗೆ ಬರುವ ಗಾಡಿಗಳನ್ನು ಆ ಬೆಟ್ಟ ತಡೆದುಕೊಳ್ಳುವುದಿಲ್ಲ. ಆದರೆ ಮನೆಗೆ ಹೋಗುವ ದಾರಿಯ ಮಾತು ಬೇರೆ. ಅತ್ತೆಗೆ ಈಗ ಮಂಡಿ ನೋವು. ಶಿವಮೊಗ್ಗದ ಆಸ್ಪತ್ರೆಗೆ ಹೋಗಿ ಬರುವ ದಿನ ಆ ಉಬ್ಬಿನಲ್ಲಿ ಜೀಪಿನ ಪ್ರತಿ ಕುಲುಕೂ ಅವರ ಮುಖದಲ್ಲಿ ಕಾಣುತ್ತದೆ. ನೋಡಿಕೊಂಡು ಹೋಗುವವರ ಖುಷಿಗೋಸ್ಕರ ಅವರು ಅದನ್ನು ಸಹಿಸಬೇಕು ಅನ್ನುವುದು ನ್ಯಾಯ ಅಲ್ಲ.

ಆದರೆ ಕಾಂಕ್ರೀಟ್ ಹಾಕಿದರೆ ನೀರಿನ ಲೆಕ್ಕ ಮುಗಿದುಹೋಗುವುದಿಲ್ಲ, ಇನ್ನೂ ಬಿಗಿಯಾಗುತ್ತದೆ. ಕಾಂಕ್ರೀಟಿನ ಮೇಲೆ ನೀರು ಮಣ್ಣಿಗಿಂತ ಜೋರಾಗಿ ಓಡುತ್ತದೆ. ಪಕ್ಕಕ್ಕೆ ಚರಂಡಿ ಇಲ್ಲದಿದ್ದರೆ ಅಂಚಿನ ಮಣ್ಣು ತೊಳೆದುಹೋಗಿ, ಅಡಿಯಲ್ಲಿ ಟೊಳ್ಳಾಗಿ, ಹಲಗೆ ಮುರಿಯುತ್ತದೆ. ಹಾಗೆ ಮುರಿದ ದಾರಿಗಳನ್ನು ನಮ್ಮ ಸುತ್ತಮುತ್ತಲೇ ನೋಡಿದ್ದೇವೆ. ಹಾಗಾಗಿ ಮಾವ ಮತ್ತು ಆ ದಾರಿಯ ಉಳಿದ ಮನೆಯವರು ಸೇರಿ ಪಂಚಾಯಿತಿಗೆ ಕೊಡುವ ಅರ್ಜಿ ಬರೆಸಿದಾಗ ನಾನೇ ಪಕ್ಕದಲ್ಲಿ ಕೂತಿದ್ದೆ. ಪೂರ್ತಿ ಅಗಲಕ್ಕೆ ಬೇಡ, ಉಬ್ಬಿನಲ್ಲಿ ಚಕ್ರ ಓಡುವ ಎರಡು ಪಟ್ಟಿ ಮಾತ್ರ ಸಾಕು ಅಂತ ಬರೆದೆವು. ದರೆ ಬದಿಗೆ ಕಲ್ಲು ಕಟ್ಟಿದ ಚರಂಡಿ, ಈಗಿರುವ ಓರೆ ತಗ್ಗುಗಳ ಜಾಗದಲ್ಲೇ ಅಡ್ಡ ಮೋರಿ, ತೊಟ್ಟಿಯ ಮೇಲ್ಗಡೆ ನೀರು ಆಚೆ ತಿರುಗಿಸುವ ಒಂದು ಗೋಡೆ. ಅಂದಾಜು ತಯಾರಿಸುವವರು ಬಂದಾಗ ಬೇಸಿಗೆಯ ಒಣ ದಾರಿ ನೋಡಿ ಮೋರಿ ಬಿಟ್ಟುಬಿಡಬಾರದು ಅಂತ, ಮಾವ ಜುಲೈನಲ್ಲಿ ಫೋನಿನಲ್ಲಿ ತೆಗೆದ ವಿಡಿಯೊವನ್ನೂ ಇಟ್ಟುಕೊಂಡಿದ್ದಾರೆ. ಅದರಲ್ಲಿ ಉಬ್ಬಿನ ಬುಡದಿಂದ ನೆತ್ತಿ ತನಕ ಎಲ್ಲೆಲ್ಲಿ ನೀರು ದಾರಿಗೆ ಇಳಿಯುತ್ತದೆ ಅಂತ ಒಂದೊಂದು ಜಾಗಕ್ಕೂ ಕೊಡೆ ತೋರಿಸಿ ಹೇಳಿದ್ದಾರೆ.